ದೇವೀರಕ್ಕನ ಗಿಡ್ಡ ಜೀಪು

ನಮ್ಮ ಊರಲ್ಲಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನೆಲ ಮಗ್ಗುಲು ಬದಲಿಸುತ್ತದೆ. ಹತ್ತು ಅಂದರೆ ಹತ್ತೇ. ಬೇರೆ ಊರಿನವರು ರೇಡಿಯೋ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಾರಂತೆ, ನಮಗೆ ಆ ತಾಪತ್ರಯವಿಲ್ಲ, ಕಾಲಡಿಯ ನೆಲವೇ ಹೇಳುತ್ತದೆ. ಒಂಬತ್ತೂ ಮುಕ್ಕಾಲಿಗೆ ಹೆಂಗಸರು ಸಾರಿನ ಪಾತ್ರೆ ಒಲೆಯಿಂದ ಇಳಿಸಿ ಎರಡು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಕ್ಷೌರದಂಗಡಿಯಲ್ಲಿ ಕತ್ತಿ ಕೆನ್ನೆಯಿಂದ ದೂರ ಹೋಗುತ್ತದೆ, ಅರ್ಧ ಮೀಸೆಯವರು ಅರ್ಧ ಮೀಸೆಯಲ್ಲೇ ಕಾಯುತ್ತಾರೆ. ಎಮ್ಮೆಗಳು ಯಾರೂ ಹೇಳದೆ ಮಲಗುತ್ತವೆ. ಆಮೇಲೆ ನೆಲ ಒಂದು ಸಲ ಉಸಿರೆಳೆದುಕೊಂಡು, ಮುಂಗೈ ತಲೆಯಡಿ ಇಟ್ಟುಕೊಂಡು ಮಲಗಿದ ಗಂಡಸಿನ ಹಾಗೆ, ಆ ಕಡೆಯಿಂದ ಈ ಕಡೆಗೆ ತಿರುಗುತ್ತದೆ. ಅಷ್ಟೇ. ಮನೆಗಳು ಬೀಳುವುದಿಲ್ಲ, ಗೋಡೆಗೆ ಒಂದು ಗೀರೂ ಬೀಳುವುದಿಲ್ಲ. ಮನೆಮನೆಯ ನಡುವಿನ ಜಾಗ ಮಾತ್ರ ಬೇರೆಯಾಗುತ್ತದೆ. ದಿಣ್ಣೆಯಿದ್ದಲ್ಲಿ ಹಳ್ಳ, ಹಳ್ಳವಿದ್ದಲ್ಲಿ ಎದೆಯೆತ್ತರದ ಬಂಡೆ, ಬಂಡೆಯಿದ್ದಲ್ಲಿ ಯಾರದೋ ಒಣಹಾಕಿದ ಮೆಣಸಿನಕಾಯಿ.

ಒಬ್ಬ ಕಂಟ್ರಾಕ್ಟರು ಬಂದು ಡಾಂಬರು ರಸ್ತೆ ಹಾಕಿದ. ಬೇಡ ಅಂತ ಯಾರೂ ಹೇಳಲಿಲ್ಲ, ನೋಡೋಣ ಅಂತ ಸುಮ್ಮನಿದ್ದೆವು. ಸೋಮವಾರ ಹತ್ತು ಗಂಟೆಗೆ ನೆಲ ತಿರುಗಿದ್ದೇ, ಆ ರಸ್ತೆ ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಸ್ಕೂಲಿನ ಗೋಡೆಗೆ ಒರಗಿ ನಿಂತಿತು. ಈಗಲೂ ಅಲ್ಲೇ ಇದೆ, ಮಕ್ಕಳು ಅದರೊಳಗೆ ಕಣ್ಣಾಮುಚ್ಚಾಲೆ ಆಡುತ್ತಾರೆ. ಕಂಟ್ರಾಕ್ಟರು ಮಾತ್ರ ಇಲ್ಲ.

ಹಾಗಾಗಿ ನಮ್ಮದು ಜೀಪಿನ ಊರು. ಹಾಲು ಜೀಪಲ್ಲಿ, ಹುಲ್ಲು ಜೀಪಲ್ಲಿ, ಮದುಮಗಳೂ ಜೀಪಲ್ಲಿ. ಆ ಜೀಪುಗಳನ್ನೆಲ್ಲ ಜೀಪು ಮಾಡಿದವಳು ನಾನು, ವೆಲ್ಡಿಂಗ್ ಚಿಕ್ಕತಾಯಿ. ನನ್ನ ಬೆಸುಗೆ ಎಂಥದ್ದು ಅಂದರೆ, ಒಮ್ಮೆ ಒಂದು ಜೀಪು ಬಂಡೆಗೆ ಬಡಿದು ಸಾವಿರ ಚೂರಾಯಿತು, ನಾನು ಹಾಕಿದ ಬೆಸುಗೆ ಮಾತ್ರ ಗಾಳಿಯಲ್ಲಿ ಹಾಗೇ ನಿಂತಿತ್ತು, ಆಮೇಲೆ ಅದಕ್ಕೆ ಹೊಸ ಜೀಪು ಕಟ್ಟಿದೆ. ನಂಬದವರು ಬಂದು ಜೀಪು ನೋಡಬಹುದು.

ಆದರೆ ಇಲ್ಲಿ ಜೀಪಿಗೆ ಏನು ಜೋಡಿಸಿದರೂ ಊರು ಒಪ್ಪಬೇಕು. ಭಾನುವಾರ ಸಂಜೆ ನಾಲ್ಕಕ್ಕೆ ನನ್ನ ಗ್ಯಾರೇಜಿನ ಅಂಗಳದಲ್ಲಿ ಎಲ್ಲಾ ಜೀಪು ಸುತ್ತ ನಿಲ್ಲುತ್ತವೆ. ಹೊಸದಾಗಿ ಏನು ಮಾಡಿಸಿದ್ದೀರೋ ನಡುವೆ ತಂದು ತೋರಿಸಬೇಕು. ಹಿಡಿಸಿದವರು ಹಾರನ್ ಹೊಡೆಯುತ್ತಾರೆ, ಹಿಡಿಸದವರು ಸುಮ್ಮನಿರುತ್ತಾರೆ. ಅರ್ಧಕ್ಕಿಂತ ಹೆಚ್ಚು ಹಾರನ್ ಬಿದ್ದರೆ ಪಾಸು. ಬೀಳದಿದ್ದರೆ, ಯಾವ ಕೈ ಬೋಲ್ಟು ಹಾಕಿತೋ ಅದೇ ಕೈ ಎಲ್ಲರೆದುರು ಅದನ್ನು ಬಿಚ್ಚಬೇಕು. ಮೂರು ಸಲ ಹಾಗೆ ಸದ್ದಿಲ್ಲದೆ ಹೋದರೆ ಆ ಮೆಕ್ಯಾನಿಕ್ಕಿನ ಗ್ಯಾರೇಜಿಗೆ ಬೀಗ, ಬೀಗದ ಕೈ ಅಧ್ಯಕ್ಷರ ಜೇಬಿಗೆ. ಜೀಪು ಇಲ್ಲದವರಿಗೆ ಹಾರನ್ನೂ ಇಲ್ಲ, ಅವರು ಬೇಲಿಯಾಚೆ ನಿಂತು ಕಡಲೆಕಾಯಿ ತಿನ್ನಬಹುದು.

ಜನಕ್ಕೆ ಏನು ಬೇಕು ಅನ್ನುವುದು ನನ್ನಷ್ಟು ಇನ್ಯಾರಿಗೂ ಗೊತ್ತಿಲ್ಲ. ಮೊದಲನೆಯದು ಎತ್ತರ. ಎರಡನೆಯದು ಇನ್ನಷ್ಟು ಎತ್ತರ. ಸ್ಪ್ರಿಂಗ್ ಪಟ್ಟಿಯ ಮೇಲೆ ಪಟ್ಟಿ ಸೇರಿಸಿ, ಎತ್ತಿನ ಗಾಡಿಯೇ ನಾಚುವಂಥ ಟೈರು ಹಾಕಿ, ಜೀಪನ್ನು ಆಕಾಶಕ್ಕೆ ತೋರಿಸಿದರೆ ಹಾರನ್ನಿನ ಸದ್ದಿಗೆ ಮಾವಿನಕಾಯಿ ಉದುರುತ್ತವೆ. ಒಬ್ಬನ ಜೀಪಿನಡಿ ಇನ್ನೊಬ್ಬ ಮದುವೆ ಚಪ್ಪರ ಹಾಕಿದ್ದ, ನಾನು ಹೋಗಿ ಉಂಡು ಬಂದಿದ್ದೇನೆ. ಆಮೇಲೆ ಬಂಪರು, ಆನೆ ಬಂದು ಗುದ್ದಿದರೂ ಆನೆಯೇ ಕ್ಷಮೆ ಕೇಳಬೇಕು ಅಂಥದ್ದು. ಆಮೇಲೆ ತಲೆಯ ಮೇಲೆ ಸಾಲು ದೀಪ. ಒಂದು ಬೀದಿಯ ಕೋಳಿಗಳು ಆ ಬೆಳಕಿಗೆ ದಿನಕ್ಕೆ ಮೂರು ಸಲ ಮೊಟ್ಟೆ ಇಡತೊಡಗಿದವು. ಇಂಜಿನ್ ನೀರಲ್ಲಿ ಮುಳುಗಿದಾಗ ಉಸಿರಾಡಲಿ ಅಂತ ಮೇಲಕ್ಕೆ ಕೊಳವೆ ಕೂರಿಸುವುದೂ ಬಹಳ ಹಿಡಿಸಿತು. ನಮ್ಮ ಊರಲ್ಲಿ ಮೊಣಕಾಲು ಮುಳುಗುವಷ್ಟು ನೀರೂ ಇಲ್ಲ. ಆದರೂ ಕೊಳವೆ ಬೇಕು, ಪಕ್ಕದವನದಕ್ಕಿಂತ ಒಂದು ಗೇಣು ಉದ್ದ ಬೇಕು.

ಹಿಡಿಸದ್ದೂ ಎರಡಿದೆ. ಇಂಜಿನ್ನಿನ ಬಿಸಿಗೆ ರೊಟ್ಟಿ ಬೇಯುವ ಹಂಚು ಕೂರಿಸಿದೆ. ನನ್ನ ಪ್ರಕಾರ ಗಂಡಸರಿಗೆ ಬಾಯಲ್ಲಿ ನೀರು ತುಂಬಿ ಹಾರನ್ ಮರೆತುಹೋಯಿತು. ಅವರ ಪ್ರಕಾರ ರೊಟ್ಟಿಯಲ್ಲಿ ಡೀಸೆಲ್ ವಾಸನೆ. ಇನ್ನೊಂದು, ಹಾರನ್ನಿನ ಸದ್ದನ್ನು ಮೆಲ್ಲಗೆ ಮಾಡುವ ತಿರುಪು. ತೊಟ್ಟಿಲ ಮಕ್ಕಳು ಬೆಚ್ಚಿಬೀಳದಿರಲಿ ಅಂತ ಮಾಡಿದ್ದು. ಅದಕ್ಕೆ ಹಾರನ್ ಯಾರು ಹೊಡೆಯುತ್ತಾರೆ? ಎರಡೂ ಬಿಚ್ಚಿದೆ. ಲೆಕ್ಕ ಎರಡಕ್ಕೆ ನಿಂತಿತ್ತು.

ಇಲ್ಲಿ ಒಂದು ಮಾತು ಬೇಗ ಹೇಳಿ ಮುಗಿಸುತ್ತೇನೆ. ನೆಲ ತಿರುಗಿದ ಮೇಲೆ ಮೊದಲು ಹೊರಟು ಹೊಸ ದಾರಿ ಹುಡುಕಿ, ಕೆಂಪು ಬಾವುಟ ನೆಡುತ್ತಾ ಹೋಗುವುದು ದೇವೀರಕ್ಕನ ಕೆಲಸವಾಗಿತ್ತು. ಇಪ್ಪತ್ತೆರಡು ವರ್ಷ ಮಾಡಿದಳು. ಅವಳ ಬಾವುಟದ ಜಾಡು ಹಿಡಿದು ಹೋದರೆ ತಲೆಯ ಮೇಲಿನ ಕೊಡ ತುಳುಕುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ಜೀಪನ್ನು ನಾಲ್ಕು ಬೆರಳು ಎತ್ತರಿಸು ಅಂದಳು. ನಾನು ಒಂದು ಮೊಳ ಎತ್ತರಿಸಿದೆ. ನನ್ನ ಕೈಚಳಕ ಊರು ನೋಡಲಿ ಅಂತ. ಮೂರನೆಯ ದಿನ ಇಳಿಯುವಾಗ ಕಾಲಿಗೆ ಮೆಟ್ಟಿಲು ಸಿಗಲಿಲ್ಲ, ಕಲ್ಲಿನ ಮೇಲೆ ಬಿದ್ದಳು. ಎರಡೂ ಮೊಣಕಾಲು ಹೋಯಿತು.

ಬಾವುಟದ ಕೆಲಸ ಅಧ್ಯಕ್ಷ ಜವರಪ್ಪನಿಗೆ ಬಂತು. ಜವರಪ್ಪನ ಜೀಪಿಗೆ ಹತ್ತಲು ಹನ್ನೊಂದು ಮೆಟ್ಟಿಲ ಏಣಿ ಇದೆ. ಅಷ್ಟು ಮೇಲಿಂದ ನೋಡುವವನಿಗೆ ಯಾವ ಹಳ್ಳವೂ ಹಳ್ಳವಲ್ಲ. ನೇರ ಬಂಡೆ ಹತ್ತಿಸಿ ನೇರ ಗುಂಡಿಗೆ ಇಳಿಸಿ ಬಾವುಟ ನೆಡಿಸುತ್ತಾ ಹೋಗುತ್ತಾನೆ. ಆ ದಾರಿಯಲ್ಲಿ ಹೋಗಬೇಕಾದರೆ ಉಳಿದವರೂ ಜೀಪು ಎತ್ತರಿಸಬೇಕು, ಎತ್ತರಿಸಿದವರಿಗೆಲ್ಲ ಇನ್ನೂ ಕಡಿದಾದ ದಾರಿಯೇ ಬೇಕು. ನನಗಂತೂ ಕೈತುಂಬ ಕೆಲಸ. ನಡೆದು ಹೋಗುವವರು ಎಲ್ಲಿ ಹೋಗುತ್ತಿದ್ದರೋ, ನಾನು ಕೇಳಲಿಲ್ಲ.

ದೇವೀರಕ್ಕನ ಮನೆಗೆ ವಾರಕ್ಕೊಮ್ಮೆ ಬಾಳೆಹಣ್ಣು ತಗೊಂಡು ಹೋಗುತ್ತಿದ್ದೆ. ಅವಳು ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದಳು, ಪಕ್ಕದಲ್ಲಿ ಎರಡು ಊರುಗೋಲು. ನಾನು ಹಣ್ಣು ಇಟ್ಟು ಮೆಟ್ಟಿಲಿಂದಲೇ ಜಾರಿಕೊಳ್ಳುತ್ತಿದ್ದೆ. ಒಂದು ಮಂಗಳವಾರ ಅವಳು ಬಿಡಲಿಲ್ಲ.

"ಲೇ ಚಿಕ್ಕತಾಯಿ, ಮೇಲೆ ಬಾ. ಅಲ್ಲೇ ನಿಂತ್ಕೊಂಡು ಏನು ನೋಡ್ತೀಯ, ನಾನೇನು ಕಚ್ತೀನಾ?"

"ಕೆಲಸ ಐತೆ ಕಣಕ್ಕ. ಹಣ್ಣು ಕೊಟ್ಟು ಹೋಗಾಣ ಅಂತ ಬಂದೆ."

"ಎರಡು ವರ್ಷದಿಂದ ಹಣ್ಣೇ ತರ್ತಿದ್ದೀಯ. ನನ್ನ ಮಂಡಿಗೂ ಬಾಳೆಹಣ್ಣಿಗೂ ಏನೇ ಸಂಬಂಧ? ಹಿತ್ತಲಲ್ಲಿ ಜೀಪು ತುಕ್ಕು ಹಿಡೀತಾ ನಿಂತೈತೆ. ಅದನ್ನ ಗಿಡ್ಡ ಮಾಡು."

ನಾನು ನಕ್ಕೆ. ಈ ಊರಲ್ಲಿ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ.

"ನಗಬೇಡ. ಈ ಕುರ್ಚಿಯಿಂದ ಹಿಂಗೆ ಜಾರಿದ್ರೆ ಸೀಟಲ್ಲಿ ಕೂರಬೇಕು. ಕೂತಲ್ಲಿಂದಲೇ ಬಗ್ಗಿ ನೆಲಕ್ಕೆ ಬಾವುಟ ಚುಚ್ಚಬೇಕು. ಕಾಲು ಕೆಲಸ ಮಾಡಲ್ಲ, ಕೈ ಮಾಡ್ತವೆ. ಕಾಲಿನ ಕೆಲಸ ಎಲ್ಲಾ ಕೈಗೆ ತಂದುಕೊಡು."

"ಅಷ್ಟೆಲ್ಲಾ ಯಾಕಕ್ಕ? ನಾನೇ ಬಂದು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತು ಕೈ ತೋರಿಸು, ಎಲ್ಲಿಗೆ ಅಂದ್ರೆ ಅಲ್ಲಿಗೆ."

"ದಾರಿ ಕಣ್ಣಿಗೆ ಸಿಗೋದಲ್ಲ ಕಣೇ, ಕುಂಡಿಗೆ ಸಿಗೋದು. ಸೀಟಿನ ಕೆಳಗೆ ನೆಲ ಏನು ಹೇಳುತ್ತೆ ಅನ್ನೋದು ಸ್ಟೀರಿಂಗ್ ಹಿಡಿದೋರಿಗೆ ಮಾತ್ರ ಕೇಳೋದು. ಪಕ್ಕದಲ್ಲಿ ಕೂತೋರು ಸಾಮಾನು."

"ಗಿಡ್ಡ ಜೀಪಿಗೆ ಹಾರನ್ ಬೀಳಲ್ಲಕ್ಕ. ನಂದು ಆಗಲೇ ಎರಡು ಹೋಗೈತೆ. ಇದೂ ಹೋದ್ರೆ ಗ್ಯಾರೇಜು ಹೋಗುತ್ತೆ."

"ನಂಗೆ ಕಾಲು ಹೋಗೈತೆ," ಅಂದಳು ದೇವೀರಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಇನ್ನಷ್ಟು ವಾದ ಮಾಡುತ್ತಿದ್ದೆ. ತಂದ ಹಣ್ಣನ್ನು ನಾನೇ ಸುಲಿದು ತಿನ್ನುತ್ತಾ ಹಿತ್ತಲಿಗೆ ಹೋದೆ.

ಆ ಜೀಪಿಗೆ ನಾನು ಮಾಡಿದ ಕೆಲಸವನ್ನು ಬೇರೆಯವರು ಮಾಡಿದ್ದರೆ ಅವರಿಗೆ ದೇವಸ್ಥಾನ ಕಟ್ಟುತ್ತಿದ್ದೆ. ನಾನೇ ಮಾಡಿದ್ದರಿಂದ ಸುಮ್ಮನಿದ್ದೇನೆ. ಸೇರಿಸಿದ್ದ ಸ್ಪ್ರಿಂಗ್ ಪಟ್ಟಿಗಳನ್ನೆಲ್ಲ ಕಿತ್ತು ಹಳೆಯ ಎತ್ತರಕ್ಕೆ ತಂದೆ. ಬಾಗಿಲ ಕಡೆ ತಗಡು ಕತ್ತರಿಸಿ, ಸೀಟನ್ನು ಅಡಿಯ ಚೌಕಟ್ಟಿನ, ಅಂದರೆ ಚಾಸಿಯ, ಪಕ್ಕಕ್ಕೆ ತೊಟ್ಟಿಲ ಹಾಗೆ ಇಳಿಬಿಟ್ಟೆ, ಕೂತರೆ ಬೆರಳು ನೆಲ ಮುಟ್ಟಬೇಕು. ಹೊಟ್ಟೆಯಡಿ ದಪ್ಪ ಉಕ್ಕಿನ ತಗಡು ಹೊದಿಸಿದೆ, ಕಲ್ಲು ತಾಗಿದರೆ ಸಿಕ್ಕಿಕೊಳ್ಳದೆ ಜಾರಲಿ. ಅಗಲ ಟೈರು ಹಾಕಿ ಗಾಳಿಯನ್ನು ಅರ್ಧಕ್ಕೆ ಇಳಿಸಿದೆ. ಗಾಳಿ ಕಡಿಮೆಯಾದ ಟೈರು ನೆಲವನ್ನು ಅಂಗೈಯ ಹಾಗೆ ಅವುಚಿ ಹಿಡಿಯುತ್ತದೆ. ಆದರೆ ನೋಡಲು ಪಂಕ್ಚರ್ ಆದ ಹಾಗಿರುತ್ತದೆ, ಅದಕ್ಕೇ ಯಾರೂ ಮಾಡಿಸುವುದಿಲ್ಲ. ಕೊನೆಗೆ ಕೈಯ ಕೆಲಸ. ಕ್ಲಚ್ಚಿಗೆ ಒಂದು ಹಿಡಿ, ಬ್ರೇಕಿಗೆ ಒಂದು, ಎಕ್ಸಲೇಟರಿಗೆ ಒಂದು. ಮೂರಕ್ಕೂ ಹಿತ್ತಾಳೆ ಗುಂಡು ಕೂರಿಸಿ ಮುಖ ಕಾಣುವ ಹಾಗೆ ತಿಕ್ಕಿದೆ. ಈ ಭೂಮಂಡಲದಲ್ಲಿ ಅಂಥ ಹಿಡಿಗಳಿರಲಿಲ್ಲ.

ಶುಕ್ರವಾರ ದೇವೀರಕ್ಕ ಕುರ್ಚಿಯಿಂದ ಜಾರಿ ಸೀಟಿಗೆ ಬಂದಳು. ಒಂದು ಕೈ ಕ್ಲಚ್ಚಿನ ಮೇಲಿಟ್ಟಳು, ಒಂದು ಕೈ ಬ್ರೇಕಿನ ಮೇಲಿಟ್ಟಳು. ಆಮೇಲೆ ನನ್ನ ಮುಖ ನೋಡಿದಳು.

"ಸ್ಟೀರಿಂಗು?" ಅಂದಳು.

ನಾನು ಜೀಪು ನೋಡಿದೆ.

"ಗೇರು?" ಅಂದಳು. "ಎಕ್ಸಲೇಟರು? ಲೇ, ನಂಗೆ ಎಷ್ಟು ಕೈ ಅಂತ ಎಣಿಸಿದ್ಯೇ?"

ನಿಜ ಹೇಳುತ್ತೇನೆ, ಎಣಿಸಿರಲಿಲ್ಲ. ಹಿಡಿಗಳ ಅಂದಕ್ಕೆ ಮರುಳಾಗಿ, ಒಬ್ಬ ಹೆಂಗಸಿಗೆ ಐದು ಕೈ ಬೇಕಾಗುವ ಜೀಪು ಕಟ್ಟಿದ್ದೆ. ಕಾಳಿದೇವಿಗಾದರೆ ಸರಿಹೋಗುತ್ತಿತ್ತು. ದೇವೀರಕ್ಕ ನಕ್ಕ ಸದ್ದಿಗೆ ಹಿತ್ತಲಿನ ಪಾರಿವಾಳಗಳು ಹಾರಿಹೋಗಿ ಮೂರು ದಿನ ಬರಲಿಲ್ಲ. ಎರಡು ವರ್ಷದಿಂದ ಅವಳು ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಬೈದಿದ್ದರೆ ತಡೆಯಬಹುದಿತ್ತು, ಆ ನಗು ಕೇಳಿ ನನಗೆ ಕಣ್ಣು ಉರಿಯಿತು. ವೆಲ್ಡಿಂಗ್ ಮಾಡುವವರಿಗೆ ಕಣ್ಣು ಉರಿಯುವುದು ಇದ್ದದ್ದೇ.

ಕಣ್ಣು ಒರೆಸಿಕೊಂಡು ಅವಳೇ ಹೇಳಿದಳು, "ಕ್ಲಚ್ಚು ಯಾಕೆ ಬೇಕೇ? ಕಡಿದಾದ ಏರಲ್ಲಿ ಇಂಜಿನ್ ನಿಂತುಹೋದ್ರೆ ನಾವೇನು ಮಾಡ್ತಿದ್ವಿ? ಸಣ್ಣ ಗೇರಲ್ಲೇ ಇಟ್ಟು ಸೆಲ್ಫ್ ಸ್ಟಾರ್ಟ್ ಹೊಡೀತಿದ್ವಿ. ಜೀಪು ಎಗರಿಕೊಂಡು ಹೊರಡ್ತಿತ್ತು. ನಿಲ್ಲಿಸಬೇಕಾದ್ರೆ ಕೀಲಿ ಆರಿಸಿದ್ರೆ ಆಯ್ತು, ಗೇರೇ ಹಿಡ್ಕೊಳ್ಳುತ್ತೆ. ಬಾವುಟ ನೆಡೋಕೆ ಹೊರಟವಳಿಗೆ ಓಟ ಯಾಕೆ? ದಿನವಿಡೀ ಸಣ್ಣ ಗೇರಲ್ಲೇ ತೆವಳ್ತೀನಿ."

ಹಾಗೇ ಮಾಡಿದೆ. ಕ್ಲಚ್ಚಿನ ಹಿಡಿ ಕಿತ್ತು ಎಸೆದೆ. ಬ್ರೇಕು ಎಕ್ಸಲೇಟರು ಎರಡನ್ನೂ ಒಂದೇ ಹಿಡಿಗೆ ಸೇರಿಸಿದೆ, ಎಳೆದರೆ ಓಡು, ತಳ್ಳಿದರೆ ನಿಲ್ಲು. ಎಡಗೈಗೆ ಹಿಡಿ, ಬಲಗೈಗೆ ಸ್ಟೀರಿಂಗು. ಎರಡೇ ಕೈ. ನಾನೇ ಎರಡು ಸಲ ಎಣಿಸಿದೆ.

ಭಾನುವಾರ ನಾಲ್ಕಕ್ಕೆ ಅಂಗಳದಲ್ಲಿ ಅರುವತ್ತು ಜೀಪು ನಿಂತಿದ್ದವು. ನಡುವೆ ನಿಂತವರಿಗೆ ಬಾವಿಯೊಳಗಿನಿಂದ ಮೇಲೆ ನೋಡಿದ ಹಾಗೆ. ಮೊದಲು ಒಬ್ಬನ ಬಂಪರಿಗೆ ಹಿತ್ತಾಳೆ ಸಿಂಹದ ಮುಖ, ಹಾರನ್ನೇ ಹಾರನ್. ಇನ್ನೊಬ್ಬನ ಕೊಳವೆ ತೆಂಗಿನಮರ ದಾಟಿತ್ತು, ಅದಕ್ಕೂ ಹಾರನ್. ಆಮೇಲೆ ನಾನು ಗ್ಯಾರೇಜಿನ ಬಾಗಿಲು ತೆಗೆದೆ. ಒಳಗೆ ಸೆಲ್ಫ್ ಸದ್ದಾಯಿತು, ದೇವೀರಕ್ಕನ ಜೀಪು ಕಪ್ಪೆಯ ಹಾಗೆ ಒಂದು ಎಗರು ಎಗರಿ ಹೊರಬಂತು.

ಒಬ್ಬ ನಕ್ಕ. ಅದು ಅಂಟುರೋಗ, ಎಲ್ಲರೂ ನಕ್ಕರು.

"ಗಾಳಿ ಹೊಡೆಸೋಕೆ ಮರೆತ್ರೇನವ್ವಾ?"

"ಸೀಟು ಬಿದ್ದುಹೋಗೈತೆ ನೋಡ್ರಪ್ಪೋ, ಯಾರಾದ್ರೂ ಎತ್ತಿಕೊಡಿ!"

ದೇವೀರಕ್ಕ ಅವರ ಕಡೆ ತಿರುಗಲೂ ಇಲ್ಲ. ಅಂಗಳದ ಸುತ್ತ ಒಂದು ಸುತ್ತು ಬಂದಳು. ಮೂಲೆಯಲ್ಲಿದ್ದ ಕಲ್ಲುರಾಶಿ ಹತ್ತಿದಳು, ಟೈರು ಕಲ್ಲುಗಳನ್ನು ತಬ್ಬಿಕೊಂಡು ಹತ್ತಿತು, ಹೊಟ್ಟೆ ತಗಡು ಕರ್ ಎಂದು ಜಾರಿತು. ತುದಿಯಲ್ಲಿ ಕೀಲಿ ಆರಿಸಿದಳು. ಜೀಪು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ಸೀಟಿಂದಲೇ ಬಗ್ಗಿ ಒಂದು ಕೆಂಪು ಬಾವುಟ ಕಲ್ಲಿನ ಸಂದಿಗೆ ಚುಚ್ಚಿದಳು. ಮತ್ತೆ ಸೆಲ್ಫ್ ಹೊಡೆದಳು, ಎಗರಿ ಕೆಳಗಿಳಿದು ನನ್ನ ಪಕ್ಕ ಬಂದು ನಿಂತಳು. ಆಗ ಯಾರೂ ನಗುತ್ತಿರಲಿಲ್ಲ.

ಹಾರನ್ನೂ ಹೊಡೆಯಲಿಲ್ಲ.

ಹುಲ್ಲಿನ ಜೀಪಿನ ಹೈದರ್ ಸಾಬಿ ಮಾತ್ರ ಪೀಂ ಅಂತ ಒಂದು ಸಣ್ಣ ಸದ್ದು ಮಾಡಿದ. ಎಲ್ಲರೂ ಅವನ ಕಡೆ ತಿರುಗಿದರು. "ಮೊಣಕೈ ತಾಗಿಬಿಡ್ತು," ಅಂದ. ಆಮೇಲೆ ಏನು ಯೋಚನೆ ಬಂತೋ, "ಇಲ್ಲ, ಬೇಕಂತಲೇ ಹೊಡೆದೆ," ಅಂದು ಇನ್ನೊಂದು ಸಲ ಹೊಡೆದ.

"ಒಬ್ಬನದು ಒಂದೇ ಲೆಕ್ಕ," ಅಂದ ಜವರಪ್ಪ ಮೇಲಿಂದ. ಹನ್ನೊಂದು ಮೆಟ್ಟಿಲು ಇಳಿದು ಬರುವುದಕ್ಕೆ ಅವನಿಗೆ ಹೊತ್ತು ಹಿಡಿಯಿತು. ಕೆಟ್ಟವನಲ್ಲ ಜವರಪ್ಪ. ದೇವೀರಕ್ಕ ಬಿದ್ದಾಗ ಹೊತ್ತುಕೊಂಡು ಹೋದವನು ಅವನೇ. ಅವಳ ಎದುರು ನಿಂತು ಟವೆಲಲ್ಲಿ ಮುಖ ಒರೆಸಿಕೊಂಡ.

"ದೇವೀರವ್ವ, ನಿಮ್ಮ ಮೇಲೆ ನಂಗೆ ದ್ವೇಷ ಇಲ್ಲ. ನಿಮಗೆ ಓಡಾಡಬೇಕು ಅಂದ್ರೆ ಹೇಳಿ, ದಿನಾ ನಾಲ್ಕು ಜನ ಕಳಿಸ್ತೀನಿ, ಎತ್ತಿ ನನ್ನ ಜೀಪಲ್ಲಿ ಕೂರಿಸ್ತಾರೆ."

"ಅಕ್ಕಿಮೂಟೆ ಎತ್ತಿಸಪ್ಪ ಅವರ ಕೈಲಿ."

"ಹಂಗಲ್ಲ. ಇವತ್ತು ಒಂದು ಜೀಪು ಗಿಡ್ಡ ಆಗ್ಲಿ ಅಂತ ಬಿಟ್ರೆ, ನಾಳೆ ಗಿಡ್ಡ ಜೀಪಿಗೆ ಅಂತ ಬೇರೆ ದಾರಿ ಕೇಳ್ತಾರೆ. ಆ ದಾರಿಯಲ್ಲಿ ಯಾರು ಬೇಕಾದ್ರೂ ಹೋಗಬಹುದು. ಆಮೇಲೆ ಇಷ್ಟು ಜನ ಇಷ್ಟು ವರ್ಷ ಕಷ್ಟಪಟ್ಟು ಎತ್ತರ ಆಗಿದ್ದು ಯಾತಕ್ಕೆ?"

ಒಳ್ಳೆಯ ಪ್ರಶ್ನೆ. ದೇವೀರಕ್ಕ ಬಾವುಟದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, "ಅದು ನೀನು ಯೋಚನೆ ಮಾಡಬೇಕಾದ್ದು," ಅಂದಳು.

ಜವರಪ್ಪ ನನ್ನ ಕಡೆ ತಿರುಗಿದ. "ಚಿಕ್ಕತಾಯಿ, ಬಿಚ್ಚಮ್ಮ. ಬಿಚ್ಚಿಬಿಟ್ರೆ ಗ್ಯಾರೇಜಿನ ವಿಷಯ ನಾನು ನೋಡ್ಕೊತೀನಿ. ಮೂರನೇದು ಅಂತ ಲೆಕ್ಕ ಹಿಡಿಯಲ್ಲ. ಎಲ್ಲರ ಮುಂದೆ ಮಾತು ಕೊಡ್ತೀನಿ."

ನನ್ನ ಕೈಯಲ್ಲಿ ಸ್ಪ್ಯಾನರಿತ್ತು. ಆ ಹಿಡಿಯನ್ನು, ಆ ಸೀಟನ್ನು ಚಾಸಿಗೆ ಹಿಡಿದಿದ್ದು ಎಂಟು ಬೋಲ್ಟು. ನನ್ನ ಕೈಗೆ ಎಂಟು ಬೋಲ್ಟು ಅಂದರೆ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಹಿಂದೆ ನನ್ನ ಗ್ಯಾರೇಜು ನಿಂತಿತ್ತು, ನನ್ನಪ್ಪ ಇಟ್ಟ ಏರಣ, ನಾನು ಹದಿನೈದು ವರ್ಷದವಳಿದ್ದಾಗ ಬರೆದ ಬೋರ್ಡು. ಅದು ಹೋದರೆ ನಾನು ಈ ಊರಲ್ಲಿ ಬೇಲಿಯಾಚೆ ಕಡಲೆಕಾಯಿ ತಿನ್ನುವವಳು. ದೇವೀರಕ್ಕನ ಮುಖ ನೋಡಿದೆ. ಅವಳು ಬೇರೆಯವರ ಜೀಪು ನೋಡುವ ಹಾಗೆ ಸುಮ್ಮನೆ ನನ್ನ ಕೈ ನೋಡುತ್ತಿದ್ದಳು.

ನಾನು ಸ್ಪ್ಯಾನರ್ ಕೆಳಗಿಟ್ಟು ಗ್ಯಾರೇಜಿನೊಳಗೆ ಹೋದೆ. ಅಳುವುದಕ್ಕೆ ಹೋದಳು ಅಂತ ಯಾರೋ ಅಂದದ್ದು ಕೇಳಿತು. ವೆಲ್ಡಿಂಗ್ ಮೆಷಿನ್ನಿನ ವಯರು ಎಳೆದುಕೊಂಡು, ಕನ್ನಡಕ ಏರಿಸಿಕೊಂಡು, ಹೋಲ್ಡರಿಗೆ ಹೊಸ ರಾಡು ಸಿಕ್ಕಿಸಿಕೊಂಡು ಹೊರಬಂದೆ.

"ಎಲ್ಲಾ ಕಣ್ಣು ಮುಚ್ಕೊಳ್ಳಿ," ಅಂದೆ. "ಮುಚ್ಚದಿದ್ರೆ ರಾತ್ರಿ ಉರಿ ಅಂತ ನನ್ನ ಮನೆ ಬಾಗಿಲು ಬಡೀಬೇಡಿ. ಅಕ್ಕ, ನೀನು ಆ ಕಡೆ ತಿರುಗು."

ಎಂಟೂ ಬೋಲ್ಟಿನ ತಲೆಯನ್ನು ಚಾಸಿಗೆ ಬೆಸೆದೆ. ಒಂದೊಂದಕ್ಕೂ ಸುತ್ತ ಎರಡು ಸುತ್ತು. ಕಿಡಿ ಜವರಪ್ಪನ ಪಂಚೆಯವರೆಗೆ ಹಾರಿತು, ಅವನು ಎರಡು ಹೆಜ್ಜೆ ಹಿಂದೆ ಹೋದ. ಎಂಟನೆಯದು ಮುಗಿದಾಗ ಬೋಲ್ಟು ಅನ್ನುವುದೇ ಉಳಿದಿರಲಿಲ್ಲ, ಜೀಪೂ ಹಿಡಿಯೂ ಒಂದೇ ಕಬ್ಬಿಣ.

"ಹಾಕಿದ ಕೈಯೇ ಬಿಚ್ಚಬೇಕು ಅಲ್ವಾ ಅಧ್ಯಕ್ಷರೇ? ಈಗ ಈ ಕೈಗೂ ಬಿಚ್ಚೋಕಾಗಲ್ಲ. ಬೇಕಾದ್ರೆ ಗರಗಸ ತಂದು ನೀವೇ ಕೊಯ್ಯಿರಿ. ಕೊಯ್ಯೋವಾಗ ದೇವೀರಕ್ಕ ಸೀಟಲ್ಲೇ ಕೂತಿರ್ತಾಳೆ."

ಯಾರೂ ಗರಗಸ ತರಲಿಲ್ಲ. ನಾನು ಮೆಷಿನ್ ಒಳಗಿಟ್ಟು, ಶಟರ್ ಎಳೆದು, ಬೀಗ ಹಾಕಿ, ಅವನು ಕೇಳುವ ಮೊದಲೇ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದೆ. ಅದು ಅವನ ಕೈಯಲ್ಲಿ ಬಿಸಿಯಾಗಿತ್ತೇನೋ, ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡ. "ಪಾಸಾಗದ ಜೀಪು ನಾಳೆ ಹೊರಡಕೂಡದು," ಅಂದ. "ಹೊರಟ್ರೂ ಆ ಬಾವುಟ ಯಾರೂ ಹಿಡಿಯಲ್ಲ."

"ಹಿಡಿಯೋದು ಬಿಡೋದು ಅವರಿಷ್ಟ," ಅಂದಳು ದೇವೀರಕ್ಕ. "ನೆಡೋದು ನನ್ನಿಷ್ಟ."

ಸೋಮವಾರ ಒಂಬತ್ತೂವರೆಗೆ ಅವಳ ಜಗಲಿಗೆ ಹೋದೆ. ಅವಳು ಆಗಲೇ ಸೀಟಲ್ಲಿದ್ದಳು, ತಲೆಗೆ ಟವೆಲು ಸುತ್ತಿಕೊಂಡು. ನಾನು ಹಿಂದೆ ಕೂತೆ, ಬಾವುಟದ ಕಟ್ಟು ನನ್ನ ಮಡಿಲಲ್ಲಿ. ಹತ್ತಕ್ಕೆ ನೆಲ ಉಸಿರೆಳೆಯಿತು, ತಿರುಗಿತು. ಕಣ್ಣು ಬಿಟ್ಟರೆ ಎದುರಿಗೆ ನಾನು ಹುಟ್ಟಿದಾಗಿನಿಂದ ಕಾಣದಂಥ ಗುಡ್ಡ. ಮುಗಿಲು ಮುಟ್ಟಿತ್ತು ಅಂತ ನಾನು ಹೇಳುತ್ತೇನೆ, ನೀವು ಅರ್ಧಕ್ಕೆ ಇಳಿಸಿಕೊಳ್ಳಿ. ಎಡಗಡೆಯಿಂದ ಜವರಪ್ಪನ ಜೀಪು ನೇರ ನೆತ್ತಿಗೆ ಹತ್ತುತ್ತಿತ್ತು, ಹಿಂದೆ ಐವತ್ತೆಂಟು ಜೀಪು.

ದೇವೀರಕ್ಕ ಸೆಲ್ಫ್ ಹೊಡೆದಳು. ಎಗರಿದೆವು. ಗುಡ್ಡದ ಬುಡದಲ್ಲಿ ಅವಳು ಹಿಡಿಯನ್ನು ಕೂದಲೆಳೆಯಷ್ಟು ಎಳೆಯುತ್ತಾ, ಒಂದು ಕಡೆ ಕಿವಿಗೊಟ್ಟವಳ ಹಾಗೆ ಕತ್ತು ವಾಲಿಸಿ, ಬಲಕ್ಕೆ ತಿರುಗಿದಳು. ಅಲ್ಲಿ ದಾರಿಯೇ ಇರಲಿಲ್ಲ. ಸ್ವಲ್ಪ ಹೋದಮೇಲೆ ಇತ್ತು. ಗುಡ್ಡದ ಸೊಂಟಕ್ಕೆ ನಡುಪಟ್ಟಿ ಕಟ್ಟಿದ ಹಾಗೆ ಒಂದು ಮೆತ್ತಗಿನ ಓರೆ, ಒಂದೊಂದೇ ಅಡಿ ಏರುತ್ತಾ ಸುತ್ತಿಹೋಗುತ್ತಿತ್ತು. ಕೀಲಿ ಆರಿಸಿ, ಬಗ್ಗಿ, ಮೊದಲ ಬಾವುಟ ಚುಚ್ಚಿದಳು. ಮತ್ತೆ ಸೆಲ್ಫ್. ಎರಡನೆಯದು ಚುಚ್ಚುವಾಗ ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಮೂರನೆಯದಕ್ಕೂ ಇರಲಿಲ್ಲ. ನನಗೆ ನನ್ನ ಏರಣದ ನೆನಪಾಯಿತು.

ನಾಲ್ಕನೆಯ ಬಾವುಟದ ಹತ್ತಿರ ಅವಳು ಕೀಲಿ ಆರಿಸಿ, "ಇಳಿ," ಅಂದಳು.

"ಯಾಕಕ್ಕ?"

"ಬಾವುಟದ ಕಟ್ಟು ಪಕ್ಕಕ್ಕೆ ಕೊಟ್ಟು ಇಳಿಯೇ. ನೀನು ಹಿಂದೆ ಕೂತು ಉಸಿರು ಹಿಡಿದರೆ ಅದು ಸೀಟಿಗೆ ಬರುತ್ತೆ. ನಂಗೆ ನೆಲ ಕೇಳಿಸ್ತಿಲ್ಲ. ನಿನ್ನ ಹೆದರಿಕೆ ಕೇಳಿಸ್ತೈತೆ."

"ನಂಗೆ ಹೆದರಿಕೆಯಾ? ನಾನು ಹುಲಿ ಬಾಯಲ್ಲಿ ಕೈ ಇಟ್ಟು…"

"ಇಳಿ."

ಇಳಿದೆ. ಆ ಜೀಪಿನಿಂದ ಇಳಿಯುವುದು ಅಂದರೆ ಎದ್ದು ನಿಂತರೆ ಆಯಿತು. ಅವಳು ಎಗರಿ ಹೊರಟಳು, ಗುಡ್ಡದ ತಿರುವಲ್ಲಿ ಕಾಣದಾದಳು. ನಾನು ನಾಲ್ಕನೆಯ ಬಾವುಟದ ಪಕ್ಕ ಒಂದು ಕಲ್ಲಿನ ಮೇಲೆ ಕೂತೆ. ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ತಲೆಯ ಮೇಲೆ ಕೊಡ ಹೊತ್ತ ಒಬ್ಬ ಹೆಂಗಸು ಬಂದಳು, ಅವಳ ಹಿಂದೆ ಸೈಕಲ್ ತಳ್ಳಿಕೊಂಡು ಒಬ್ಬ ಮುದುಕ, ಅವನ ಹಿಂದೆ ಇನ್ನೂ ಐದಾರು ಜನ, ಎಲ್ಲಾ ಬೇಲಿಯಾಚೆಯವರು. ಕೊನೆಯಲ್ಲಿ ಹೈದರ್ ಸಾಬಿಯ ಹುಲ್ಲಿನ ಜೀಪು ತೂಗಾಡಿಕೊಂಡು ಬರುತ್ತಿತ್ತು.

"ಮುಂದೆ ಬಾವುಟ ಐತಾ ಚಿಕ್ಕತಾಯವ್ವ?" ಅಂದಳು ಕೊಡ ಹೊತ್ತವಳು.

ಗುಡ್ಡದ ಮೇಲ್ಗಡೆ ನೋಡಿದೆ. ಬೂದು ಕಲ್ಲಿನ ನಡುವೆ ಒಂದು ಕೆಂಪು ಚುಕ್ಕೆ ಎದ್ದಿತು. ಸ್ವಲ್ಪ ಹೊತ್ತಿಗೆ ಅದರಿಂದಾಚೆ ಇನ್ನೊಂದು. ಸೆಲ್ಫಿನ ಸದ್ದು ಕೇಳಿಸುತ್ತಿತ್ತು, ಒಂದು ಎಗರು, ಒಂದು ಮೌನ, ಒಂದು ಬಾವುಟ. ಅವಳು ನೆತ್ತಿ ದಾಟಿ ಆ ಕಡೆ ಇಳಿಯುವವರೆಗೂ ನಾನು ಎಣಿಸಿದೆ. ಸಾವಿರ ಅನ್ನಬಹುದಿತ್ತು, ನನ್ನ ಬಾಯಿಗೆ ಸಾವಿರ ಸಲೀಸು. ಹದಿನೇಳು. ಹದಿನೆಂಟೂ ಅಲ್ಲ, ಹದಿನೇಳು ಬಾವುಟ. ಅಷ್ಟನ್ನೇ ಕೊಡ ಹೊತ್ತವಳಿಗೂ ಹೇಳಿದೆ, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.